ಗಿರಣಿ ನಿಂತ ದಿನಗಳು

ನಮ್ಮೂರಲ್ಲಿ ಒಬ್ಬರ ಎದೆಬಡಿತ ಇನ್ನೊಬ್ಬರಿಗೆ ಕೇಳುತ್ತದೆ. ಅವರವರದು ಅವರವರಿಗೆ ಕೇಳುವುದಿಲ್ಲ. ನಮ್ಮ ಬೆನ್ನು ನಮಗೆ ಕಾಣದಲ್ಲ, ಹಾಗೆಯೇ ಇದೂ. ಬೀದಿಯಲ್ಲಿ ಎದುರಾದವರದ್ದು ಚಪ್ಪಲಿ ಸದ್ದಿನಂತೆ ಕಿವಿಗೆ ಬಿದ್ದು ಹೋಗುತ್ತದೆ, ಯಾರೂ ಲಕ್ಷ್ಯ ಕೊಡುವುದಿಲ್ಲ. ಆ ಬಡಿತ ಎಲ್ಲಾದರೂ ಎಡವುತ್ತಿದೆಯೇ, ದಮ್ಮು ಕಟ್ಟಿ ಓಡುತ್ತಿದೆಯೇ ಎಂದು ತಿಳಿಯಬೇಕಾದರೆ ಮಾತ್ರ ಪಕ್ಕದಲ್ಲಿ ಕೂತು ಒಂದಷ್ಟು ಹೊತ್ತು ಸುಮ್ಮನಿರಬೇಕು. ಹಾಗೆ ಸುಮ್ಮನೆ ಕೂರುವವರು ಸಿಗುವುದು ಕಷ್ಟ. ಅದಕ್ಕೇ ಅನುಕೂಲಸ್ಥರು ಸಂಬಳ ಕೊಟ್ಟು ಕೇಳುವವರನ್ನು ಇಟ್ಟುಕೊಳ್ಳುತ್ತಾರೆ.

ನಾನು ಅಂಥ ಕೇಳುವವಳು. ಹೆಸರು ದೇವೀರಮ್ಮ. ಕೋಟೆಬೀದಿಯ ವೈದೇಹಮ್ಮನವರ ಮನೆಯಲ್ಲಿ ಒಂಬತ್ತು ವರ್ಷದಿಂದ ಕೂತಿದ್ದೇನೆ. ಕೂತಿದ್ದೇನೆ ಎಂದರೆ ನಿಜವಾಗಿಯೂ ಕೂತಿರುವುದೇ. ಬೆಳಿಗ್ಗೆ ಹೋಗಿ ಅವರ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತರೆ ದೀಪ ಹಚ್ಚುವ ಹೊತ್ತಿಗೆ ಏಳುತ್ತೇನೆ. ನಡುವೆ ಅವರು ಕಾಫಿ ಕುಡಿಯುತ್ತಾರೆ, ಹೂ ಕಟ್ಟುತ್ತಾರೆ, ನಿದ್ದೆ ಮಾಡುತ್ತಾರೆ. ನಾನು ಕೇಳುತ್ತೇನೆ. ಬಡಿತದಲ್ಲಿ ಏನಾದರೂ ಹೆಚ್ಚುಕಮ್ಮಿ ಕಂಡರೆ ಶ್ರೀಪತಿ ಡಾಕ್ಟರಿಗೆ ಹೇಳಿ ಕಳಿಸುತ್ತೇನೆ. ಏನೂ ಇಲ್ಲದಿದ್ದರೂ ತಿಂಗಳಿಗೊಮ್ಮೆ ಅವರೇ ಬಂದು, ನನ್ನ ಮಾತು ಕೇಳಿ, ಮಾತ್ರೆ ಬದಲಾಯಿಸಿಯೋ ಉಪ್ಪು ಕಡಿಮೆ ಮಾಡಿಸಿಯೋ ಹೋಗುತ್ತಾರೆ. ವೈದೇಹಮ್ಮನವರಿಗೆ ಎಪ್ಪತ್ತೆಂಟು ದಾಟಿತು. ಈ ಒಂಬತ್ತು ವರ್ಷದಲ್ಲಿ ಒಂದು ದಿನವೂ ಅವರು ಎದೆ ಹಿಡಿದುಕೊಂಡು ಕೂತವರಲ್ಲ. ಕಾಯಿಲೆ ಅವರ ಗೇಟಿನ ತನಕ ಬರುವುದೇ ಇಲ್ಲ, ದಾರಿಯಲ್ಲೇ ತಡೆದುಬಿಡುತ್ತೇವೆ.

ಕೋಟೆಬೀದಿಯಲ್ಲಿ ಗಾಡಿಗಳ ಗಾಲಿಗೆ ರಬ್ಬರು ಕಟ್ಟಿರಬೇಕು. ಸೊಪ್ಪಿನವಳು ಕೂಗುವ ಹಾಗಿಲ್ಲ. ಗೇಟಿನ ಮುಂದೆ ನಿಂತು ಕೀರೆಸೊಪ್ಪಿನ ಕಟ್ಟನ್ನು ಮೇಲಕ್ಕೆತ್ತಿ ತೋರಿಸುತ್ತಾಳೆ. ಅಲ್ಲಿ ನಾಯಿ ಸಾಕುವವರಿಲ್ಲ. ಮದುವೆ ಮನೆಯ ವಾಲಗ ತಿರುವಿನಲ್ಲೇ ನಿಂತು, ಬೀದಿ ದಾಟಿದ ಮೇಲೆ ಮತ್ತೆ ಶುರುವಾಗುತ್ತದೆ. ಅಂಥ ಬೀದಿಯಲ್ಲಿ ಮನೆ ಸಿಗುವುದು ಸುಲಭವಲ್ಲ. ನಮ್ಮೂರಲ್ಲಿ ಸುಮ್ಮನಿರುವ ಜಾಗಕ್ಕೆ ಬಹಳ ಬೆಲೆ.

ನಾನಿರುವುದು ಗಿರಣಿಕೇರಿಯಲ್ಲಿ. ಅಕ್ಕಿ ಗಿರಣಿಯ ಹಿಂದೆ ಸಾಲಾಗಿ ಕಟ್ಟಿಸಿದ ಕೋಣೆಗಳಲ್ಲಿ ಕೊನೆಯದರ ಹಿಂದಿನದು. ಗಿರಣಿ ಹಗಲೂ ರಾತ್ರಿ ನಡೆಯುತ್ತದೆ. ನಡೆಯುತ್ತಿದ್ದರೆ ನೆಲ ಅದುರುತ್ತದೆ, ತಟ್ಟೆಯಲ್ಲಿಟ್ಟ ನೀರು ನಡುಗುತ್ತದೆ. ಪಕ್ಕದಲ್ಲಿ ಮಲಗಿದ ಮಗುವಿನ ಬಡಿತ ತಾಯಿಗೆ ಕೇಳುವುದಿಲ್ಲ. ನನ್ನ ಗಂಡ ಇದ್ದಾಗಲೂ ಹಾಗೇ. ಅವರು ಬೇರೆ ಯಾವುದೋ ಜ್ವರ ಬಂದು ಹೋದರು, ಅದು ಎದೆಯ ಕಾಯಿಲೆಯಲ್ಲ. ಆದರೆ ಹನ್ನೊಂದು ವರ್ಷ ಒಂದೇ ಚಾಪೆಯ ಮೇಲೆ ಮಲಗಿಯೂ ಅವರ ಎದೆ ಹೇಗೆ ಬಡಿಯುತ್ತಿತ್ತು ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ. ನಮ್ಮ ಕೇರಿಯಲ್ಲಿ ಜನ ಬಿದ್ದ ಮೇಲೆ ಗೊತ್ತಾಗುತ್ತದೆ. ಬಿದ್ದವರನ್ನು ಎತ್ತಿಕೊಂಡು ಹೋಗಲು ದೊಡ್ಡಾಸ್ಪತ್ರೆ ಇದೆ, ಅಲ್ಲಿ ಚೆನ್ನಾಗಿಯೇ ನೋಡುತ್ತಾರೆ. ಬೀಳುವ ಮೊದಲು ನೋಡುವುದು ಕೋಟೆಬೀದಿಯ ವ್ಯವಹಾರ.

ಇಡೀ ದಿನ ಆ ಶಾಂತವಾದ ಮನೆಯಲ್ಲಿ ಕೂರುವ ನನ್ನದನ್ನು ಅಲ್ಲಿ ಯಾರಾದರೂ ಕೇಳಬಹುದಿತ್ತಲ್ಲ ಎಂದು ನೀವು ಅಂದುಕೊಳ್ಳಬಹುದು. ಆದರೆ ವೈದೇಹಮ್ಮನವರಿಗೆ ಕಿವಿ ಕೇಳುವುದಿಲ್ಲ. ನಾನು ಕೆಲಸಕ್ಕೆ ಸೇರುವ ಮೊದಲೇ ಹೋಗಿತ್ತು. ಅಡಿಗೆಯವರು ಹಿಂದಿನ ಕಟ್ಟಿನಲ್ಲಿರುತ್ತಾರೆ. ಮಗ ಮಹಡಿಯಿಂದ ದಿನಕ್ಕೊಮ್ಮೆ ಇಳಿದು ಬಂದು, ಬಾಗಿಲಲ್ಲೇ ನಿಂತು, "ಅಮ್ಮಂದು ಹೇಗಿದೆ?" ಎಂದು ಕೇಳಿ ಹೋಗುತ್ತಾನೆ. ನಾನೂ ಅವರೂ ಇಬ್ಬರೇ. ಒಬ್ಬರ ಎದೆ ಒಬ್ಬರಿಗೆ ಕೇಳುತ್ತದೆ, ಇನ್ನೊಬ್ಬರದು ಯಾರಿಗೂ ಇಲ್ಲ. ಬಹಳ ವರ್ಷ ನನಗೆ ಇದು ವಿಚಿತ್ರ ಅನ್ನಿಸಿರಲೂ ಇಲ್ಲ.

ಹೋದ ಮಾಘದಲ್ಲಿ ಗಿರಣಿ ನಿಂತಿತು. ಬಾಯ್ಲರ್ ಬಿರುಕು ಬಿಟ್ಟಿತ್ತು. ಬೇಕಾದ ಭಾಗ ದೂರದ ಊರಿಂದ ಬರಬೇಕು, ಬಂದ ಮೇಲೆ ಬೆಸುಗೆ ಹಾಕುವವರು ಬರಬೇಕು. ಎಷ್ಟು ದಿನವಾಗುತ್ತದೋ ಗೊತ್ತಿಲ್ಲ, ಅಲ್ಲಿಯ ತನಕ ಯಾರಿಗೂ ಕೆಲಸವೂ ಇಲ್ಲ ಕೂಲಿಯೂ ಇಲ್ಲ ಎಂದು ಮಾಲೀಕರು ಹೇಳಿ ಕಳಿಸಿದರು.

ಮೊದಲ ದಿನ ಬೆಳಿಗ್ಗೆ ಕೇರಿಯಲ್ಲಿ ಯಾರೂ ಮಾತಾಡಲಿಲ್ಲ. ಬಾಗಿಲುಗಳನ್ನು ತೆರೆದು ಹೊರಗೆ ಬಂದು, ಒಬ್ಬರನ್ನೊಬ್ಬರು ನೋಡುತ್ತ ನಿಂತೆವು. ಅಷ್ಟು ಜನರ ಎದೆಯ ಸದ್ದು ಒಟ್ಟಿಗೇ, ಭತ್ತ ಒಕ್ಕುವ ಕಣದ ಹಾಗೆ. ಕೆಲವರು ನಾಚಿಕೊಂಡು ಮತ್ತೆ ಒಳಗೆ ಹೋದರು. ಎದುರು ಮನೆಯ ಸಣ್ಣ ಸೊಸೆ ಅತ್ತೆಯ ಮುಂದೆ ಕೂತು ಅಳುತ್ತಿದ್ದಳು, ಅತ್ತೆ "ಏನಾಯ್ತೇ, ಏನು ಕೇಳಿಸ್ತೇ?" ಎಂದು ಅವಳ ಭುಜ ಅಲ್ಲಾಡಿಸುತ್ತಿದ್ದಳು.

ಮೂರನೆಯ ದಿನ ನಾನು ಕೆಲಸಕ್ಕೆ ಹೊರಡುವಾಗ ಪಕ್ಕದ ಕೋಣೆಯ ಚೌಡಪ್ಪ ಬಾಗಿಲಲ್ಲಿ ನಿಂತಿದ್ದರು. ಗಿರಣಿಯಲ್ಲಿ ಹಮಾಲಿ. ಐವತ್ತೈದರ ಆಚೆ ಈಚೆ, ಮೂಟೆ ಹೊತ್ತು ಹೊತ್ತು ಕತ್ತು ಒಂದು ಕಡೆ ವಾಲಿದೆ. ಹೆಂಡತಿ ಇಲ್ಲ, ಒಬ್ಬಳೇ ಮಗಳನ್ನು ಬೆಟ್ಟದಾಚೆಯ ಊರಿಗೆ ಕೊಟ್ಟಿದ್ದಾರೆ. ಆರು ವರ್ಷದಿಂದ ಪಕ್ಕದಲ್ಲಿದ್ದೇವೆ. ನಮ್ಮ ನಡುವಿನ ಗೋಡೆ ಮಾಡಿನ ತನಕ ಹೋಗುವುದಿಲ್ಲ, ಮೇಲೆ ಒಂದು ಮೊಳದಷ್ಟು ತೆರಪು. ಆದರೂ ನಲ್ಲಿಯಲ್ಲಿ ನೀರು ಬಂತೇ ಇಲ್ಲವೇ ಎಂಬುದರಾಚೆ ನಮಗೆ ಮಾತಿರಲಿಲ್ಲ.

"ದೇವೀರಮ್ಮ, ಒಂದು ಮಾತು. ತಪ್ಪು ತಿಳ್ಕೋಬೇಡಿ," ಎಂದರು. ಹೆಗಲ ಮೇಲಿನ ಟವಲನ್ನು ಎರಡು ಸಲ ಸರಿಮಾಡಿಕೊಂಡರು.

"ಹೇಳಿ ಚೌಡಪ್ಪಣ್ಣ."

"ಬೇಕೂಂತ ಕೇಳಿದ್ದಲ್ಲ. ಬೆಳಿಗ್ಗೆ ಎಚ್ಚರ ಆಯ್ತು, ಗೋಡೆ ಮೇಲಿಂದ ಬಂತು. ನಿಮ್ಮದು ಎಡವುತ್ತೆ. ನಡೀತಾ ನಡೀತಾ ಕಲ್ಲು ತಾಗಿದ ಹಾಗೆ. ನಿನ್ನೇನೂ ಹಾಗೇ ಇತ್ತು. ಇವತ್ತು ಹೇಳೇಬಿಡೋಣ ಅನ್ನಿಸ್ತು."

ಕೋಟೆಬೀದಿಗೆ ಹೋಗುವ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುವುದು ನನಗೆ ಗೊತ್ತಿತ್ತು. ವಯಸ್ಸಾಯಿತು ಅಂದುಕೊಂಡಿದ್ದೆ. ನನ್ನ ಕಸುಬೇ ಇದಾದರೂ, ನನ್ನದರ ಬಗ್ಗೆ ಇನ್ನೊಬ್ಬರು ಹೇಳಿದ್ದು ಅದೇ ಮೊದಲು. ಕಾಯಿಲೆಯ ಸುದ್ದಿ ಕೇಳಿ ಭಯವಾಗಬೇಕಿತ್ತು. ಭಯಕ್ಕಿಂತ ಮೊದಲು ಏನೋ ಒಂದು ತೆರನಾದ ಸಂಕೋಚ, ಯಾರೋ ನನ್ನ ಹೆಸರು ಹಿಡಿದು ಕರೆದ ಹಾಗೆ. ಅಲ್ಲೇ ನಿಂತುಬಿಟ್ಟೆ. ನಿಂತಾಗ ಅವರದು ಕೇಳಿಸಿತು.

ಒಂಬತ್ತು ವರ್ಷದ ಅಭ್ಯಾಸ, ಕಿವಿ ತಾನಾಗಿಯೇ ಅತ್ತ ಹೋಗುತ್ತದೆ. ಚೌಡಪ್ಪನವರ ಬಡಿತದ ಹಿಂದೆ ಸಣ್ಣಗೆ ಒಂದು ಸೀಳು ದನಿ ಇತ್ತು, ಬಾಗಿಲ ಸಂದಿಯಲ್ಲಿ ಗಾಳಿ ನುಗ್ಗಿದ ಹಾಗೆ. ಅಂಥದ್ದನ್ನು ಹಿಂದೊಮ್ಮೆ ಕೋಟೆಬೀದಿಯ ಇನ್ನೊಂದು ಮನೆಯಲ್ಲಿ ಕೇಳಿದ್ದೆ. ಅವರನ್ನು ಆ ದಿನವೇ ಕಾರಿನಲ್ಲಿ ಕರೆದುಕೊಂಡು ಹೋಗಿದ್ದರು.

"ಚೌಡಪ್ಪಣ್ಣ, ನನ್ನದಿರಲಿ. ಮೂಟೆ ಹೊರುವಾಗ ನಿಮಗೆ ಎದೆ ಹಿಡಿಯುತ್ತಾ?"

"ಹಿಡಿಯದೆ ಏನು? ಮೂಟೆ ಅಂದ್ರೆ ಹಿಡೀಲೇಬೇಕು," ಎಂದು ನಕ್ಕರು.

ಸೋಮವಾರ ಇಬ್ಬರೂ ದೊಡ್ಡಾಸ್ಪತ್ರೆಗೆ ಹೋದೆವು. ಅಲ್ಲಿ ಬೀಳದವರಿಗೂ ವಾರಕ್ಕೊಂದು ದಿನ ಕೇಳುವ ವ್ಯವಸ್ಥೆ ಇದೆ, ಸರ್ಕಾರದ ಕಡೆಯಿಂದ ಒಬ್ಬರು ಕೇಳುವವರು ಕೂರುತ್ತಾರೆ. ನನಗೆ ಹೊಟ್ಟೆನೋವು ಎಂದು ವೈದೇಹಮ್ಮನವರಿಗೆ ಸನ್ನೆಯಲ್ಲಿ ಹೇಳಿ ರಜೆ ಕೇಳಿದ್ದೆ. ಹೋಗಿ ನೋಡಿದರೆ ಇಡೀ ಗಿರಣಿಕೇರಿ ಅಲ್ಲೇ ಇತ್ತು. ಗಿರಣಿ ನಿಂತ ಮೇಲೆ ಎಲ್ಲರೂ ಎಲ್ಲರದ್ದನ್ನೂ ಕೇಳಿಸಿಕೊಂಡಿದ್ದರು. ಅಪ್ಪನ ತೋಳು ಹಿಡಿದು ಮಗ, ಮಗುವನ್ನು ಸೊಂಟಕ್ಕಿಟ್ಟುಕೊಂಡು ತಾಯಿ, ಸಾಲು ಹೊರಗಿನ ಹೊಂಗೆಮರ ದಾಟಿತ್ತು. ಒಂದೇ ಹಜಾರ, ಅದರಲ್ಲಿ ಅಷ್ಟೂ ಎದೆಗಳ ಗದ್ದಲ. ಅದರ ನಡುವೆ ಆ ಕೇಳುವ ಹೆಂಗಸು ಕಣ್ಣು ಮುಚ್ಚಿ, ಒಬ್ಬೊಬ್ಬರ ಎದೆಯ ಹತ್ತಿರ ತಲೆ ತರುತ್ತಿದ್ದರು, ಮತ್ತೆ ತಲೆ ಕೊಡವುತ್ತಿದ್ದರು. ನಮ್ಮ ಸರದಿ ಬಂದಾಗ ಅವರ ಮುಖ ಬಾಡಿಹೋಗಿತ್ತು.

ಚೌಡಪ್ಪನವರದ್ದನ್ನು ಕೇಳಿ, "ಇಲ್ಲಿ ಏನೂ ತಿಳಿಯೋದಿಲ್ಲಪ್ಪ. ಸುಮಾರಾಗಿದೆ. ನೋವು ಬಂದ್ರೆ ಬಾ," ಎಂದರು.

"ಅಮ್ಮಾ, ಹಿಂದೆ ಒಂದು ಸೀಳು ದನಿ ಇದೆ, ಇನ್ನೊಂದ್ಸಲ ಕೇಳಿ," ಎಂದೆ.

ಅವರು ನನ್ನನ್ನು ನೋಡಿದರು. ಅವರಿಗೆ ಸಿಟ್ಟು ಬರಲಿಲ್ಲ. "ನೀವೂ ಕೇಳೋವ್ರಾ? ಹಾಗಾದ್ರೆ ನಿಮಗೇ ಗೊತ್ತಲ್ಲ. ಈ ಸಂತೇಲಿ ನನಗೆ ನನ್ನ ಮಾತೇ ಕೇಳ್ತಿಲ್ಲ. ನೀವು ಕೂರೋ ಮನೆಯ ಡಾಕ್ಟರಿಗೆ ತೋರಿಸಿ, ಆಗುತ್ತಾ ನೋಡಿ," ಎಂದು ಮೆಲ್ಲಗೆ ಹೇಳಿ, ನನ್ನದನ್ನು ಕೇಳದೆಯೇ ನನ್ನ ಹಿಂದಿನವರನ್ನು ಕರೆದರು.

ವಾಪಸ್ಸು ಬರುವಾಗ ಕೇರಿಯ ತಿರುವಿನಲ್ಲಿ ಚೌಡಪ್ಪ, "ಗಿರಣಿ ನಡೆಯುವಾಗ ಕೈಲಿ ಕೂಲಿ ಇರುತ್ತೆ, ಕಿವಿ ಇರಲ್ಲ. ಈಗ ಕಿವಿ ಬಂತು ನೋಡಿ," ಎಂದರು.

ಆಮೇಲಿನ ದಿನಗಳಲ್ಲಿ ಒಂದು ಅಭ್ಯಾಸ ಬೆಳೆಯಿತು. ಸಂಜೆ ನಾನು ಬಂದು ಸಾರಿಗಿಟ್ಟ ಮೇಲೆ, ಅವರು ತಮ್ಮ ಹೊಸ್ತಿಲ ಮೇಲೆ ಕೂರುವರು, ನಾನು ನನ್ನ ಹೊಸ್ತಿಲ ಮೇಲೆ. ನಡುವೆ ನೀರಿನ ಡ್ರಮ್ಮು. ಸುಮ್ಮನೆ ಕೂತಿರುತ್ತಿದ್ದೆವು. ಒಂದಷ್ಟು ಹೊತ್ತಾದ ಮೇಲೆ ಅವರು ಹೇಳುವರು, "ಇವತ್ತು ಪರವಾಗಿಲ್ಲ. ಬರುವಾಗ ಮಾತ್ರ ಓಡ್ತಿತ್ತು. ಕೋಟೆಬೀದಿ ಮೆಟ್ಟಿಲನ್ನ ಬೇಗ ಇಳೀತೀರಾ ನೀವು." ನಾನು ಅವರದ್ದನ್ನು ಹೇಳುತ್ತಿದ್ದೆ, ಅರ್ಧ ಮರೆಮಾಚಿ. ಅವರು ಮಗಳ ವಿಷಯ ಹೇಳುತ್ತಿದ್ದರು. ಅಳಿಯನದು ಇಟ್ಟಿಗೆ ಗೂಡು, ಮೊಮ್ಮಗಳಿಗೆ ಕಿವಿ ಚುಚ್ಚಿಸಿದ್ದಾರೆ, ಇವರು ಇನ್ನೂ ನೋಡಿಲ್ಲ. ಒಂದು ದಿನ ನಾನು ಗಂಡನ ಬಗ್ಗೆ ಹೇಳಿದೆ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವರ ಎದೆ ಕೇಳಲಿಲ್ಲ ಎಂದೆ. ಚೌಡಪ್ಪ, "ನಾನೂ ನನ್ನಾಕೇದು ಕೇಳಿಲ್ಲ. ಚೆನ್ನಾಗೇ ಇತ್ತು ಅಂದ್ಕೊಂಡಿದ್ದೀನಿ," ಎಂದರು.

ಡಾಕ್ಟರು ಕೋಟೆಬೀದಿಗೆ ಬರುವ ದಿನ ಹತ್ತಿರವಾಗುತ್ತಿತ್ತು. ನಾನು ವೈದೇಹಮ್ಮನವರಿಗೆ ಹೇಳಿಕೊಂಡೆ. ಅವರಿಗೆ ನನ್ನ ತುಟಿ ಓದುವುದು ಅಭ್ಯಾಸವಿದೆ. ನಮ್ಮ ಕೇರಿಯಲ್ಲಿ ಎದೆ ಸರಿಯಿಲ್ಲದವರಿದ್ದಾರೆ, ಡಾಕ್ಟರು ಬಂದಾಗ ನೋಡಲು ನೀವೊಂದು ಮಾತು ಹೇಳಬೇಕು ಎಂದೆ. ಅವರು ಒಳ್ಳೆಯವರು. ಕಟ್ಟುತ್ತಿದ್ದ ಹೂವನ್ನು ಕೆಳಗಿಟ್ಟರು.

"ಹೇಳ್ತೀನಿ ಕಣೇ. ಆದ್ರೆ ಒಬ್ಬರನ್ನ ಮಾತ್ರ ಕರ್ಕೊಂಡು ಬಾ. ಮಗ ಮೊದಲೇ ಸಿಡಿಮಿಡಿ ಅಂತಾನೆ. ಒಬ್ಬರು ಅಂದ್ರೆ ಒಬ್ಬರೇ, ಇಲ್ಲಾಂದ್ರೆ ನಾಳೆ ಇಡೀ ಕೇರಿ ಗೇಟಿನ ಮುಂದೆ ನಿಲ್ಲುತ್ತೆ. ಯಾರು, ನಿನ್ನ ಸಂಬಂಧದವರಾ?"

ನಾನೇ ಎಂದು ಹೇಳಲು ತುಟಿ ತೆರೆದೆ. ಅವರು ನನ್ನ ಬಾಯನ್ನೇ ನೋಡುತ್ತಿದ್ದರು. ಆ ಹೊತ್ತಿನಲ್ಲಿ ನನಗೆ ನೆನಪಾದದ್ದು ಚೌಡಪ್ಪನವರ ಆ ಸೀಳು ದನಿ. ನನ್ನದು ಎಡವುತ್ತದೆ ಅಂದಿದ್ದರು, ಎಡವಿದರೂ ಮತ್ತೆ ನಡೆಯುತ್ತದಲ್ಲ. ಅವರದು ಹಾಗಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹಾಗೆಂದು ನಾನು ದೊಡ್ಡ ಮನಸ್ಸಿನಿಂದ ಹೇಳಿದೆ ಅನ್ನಲಾರೆ. ಹೇಳಿದ ಮೇಲೆ ಇಡೀ ಮಧ್ಯಾಹ್ನ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆಂದು ಲೆಕ್ಕ ಹಾಕುತ್ತ ಕೂತಿದ್ದೆ. "ಪಕ್ಕದ ಮನೆಯವರು," ಎಂದೆ.

ಚೌಡಪ್ಪ ಒಗೆದ ಅಂಗಿ ಹಾಕಿಕೊಂಡು ಬಂದರು. ಗೇಟಿನೊಳಗೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ನಡೆದರು, ಸದ್ದಾಗಬಾರದೆಂದು. ಶ್ರೀಪತಿ ಡಾಕ್ಟರು ಜಗಲಿಯ ಮೇಲೆ ಅವರನ್ನು ಕೂರಿಸಿ ನನ್ನತ್ತ ತಿರುಗಿ, "ನೀವೇನು ಕೇಳಿದಿರಿ ದೇವೀರಮ್ಮ?" ಎಂದರು. ಹೇಳಿದೆ. ಅವರೂ ಕಣ್ಣು ಮುಚ್ಚಿ ಕೇಳಿದರು. ಆ ಬೀದಿಯ ನಿಶ್ಶಬ್ದದಲ್ಲಿ ಆ ದನಿ ಎಷ್ಟು ಸ್ಪಷ್ಟವಾಗಿತ್ತೆಂದರೆ ನನಗೆ ಎದ್ದು ಒಳಗೆ ಹೋಗಿಬಿಡೋಣ ಅನ್ನಿಸಿತು.

"ಕವಾಟ ಸರಿಯಾಗಿ ಮುಚ್ಚುತ್ತಿಲ್ಲ," ಎಂದರು ಡಾಕ್ಟರು. "ಈಗ ಗೊತ್ತಾಗಿದ್ದು ಒಳ್ಳೇದಾಯ್ತು. ಮಾತ್ರೆ ತಗೊಂಡ್ರೆ, ಹುಷಾರಾಗಿದ್ರೆ, ಬಹಳ ವರ್ಷ ಇರಬಹುದು. ಏನು ಕೆಲಸ?"

"ಹಮಾಲಿ, ಸಾಮಿ."

"ಅದನ್ನ ಬಿಡಬೇಕು. ಇನ್ನು ಒಂದು ಮೂಟೇನೂ ಎತ್ತೋ ಹಾಗಿಲ್ಲ."

ಚೌಡಪ್ಪ ತಮ್ಮ ಅಂಗೈಗಳನ್ನು ನೋಡಿಕೊಂಡರು. "ಸಾಮಿ, ಮೂಟೆ ಎತ್ತದಿದ್ರೆ ಮಾತ್ರೆ ಎಲ್ಲಿಂದ ತರಲಿ?"

ಡಾಕ್ಟರು ಚೀಲದಿಂದ ಇದ್ದಷ್ಟು ಮಾತ್ರೆಗಳನ್ನು ತೆಗೆದು ಕೊಟ್ಟರು. ಹಣ ಬೇಡವೆಂದರು. ಕಾರಿನ ತನಕ ನಾನು ಅವರ ಹಿಂದೆ ಹೋದೆ. "ಡಾಕ್ಟ್ರೇ, ನನ್ನದೂ ಸ್ವಲ್ಪ..." ಎಂದೆ.

"ನಿಮ್ಮದನ್ನ ಯಾರು ಕೇಳಿದ್ದು?"

"ಅವರೇ. ಚೌಡಪ್ಪನವರು."

ಡಾಕ್ಟರು ಜಗಲಿಯತ್ತ ನೋಡಿ ಸಣ್ಣಗೆ ನಕ್ಕರು. ಅವಮಾನ ಮಾಡುವ ನಗೆಯಲ್ಲ ಅದು, ದಣಿದವರ ನಗೆ. "ಅಭ್ಯಾಸ ಇಲ್ಲದವರಿಗೆ ಎಲ್ಲಾ ಹಾಗೇ ಕೇಳುತ್ತೆ. ಈಗ ಇನ್ನೂ ನಾಲ್ಕು ಮನೆ ಇದೆ. ಮುಂದಿನ ಸಲ ಅಮ್ಮನವರ ಕೈಲಿ ಹೇಳಿಸಿ, ನೋಡೋಣ," ಎಂದು ಹತ್ತಿ ಕೂತರು. ರಬ್ಬರು ಗಾಲಿಯ ಕಾರು ಸದ್ದಿಲ್ಲದೆ ಹೋಯಿತು.

ಸಂಜೆ ಹೊಸ್ತಿಲ ಮೇಲೆ ಕೂತಾಗ ಚೌಡಪ್ಪ ಕೇಳಿದರು, "ನಿಮ್ಮದು ನೋಡಿದ್ರಾ?"

"ನೋಡಿದರು. ನೀವು ಬರೋ ಮುಂಚೇನೇ. ಏನಿಲ್ಲ ಅಂದರು."

ಡ್ರಮ್ಮಿನ ಮೇಲೆ ಒಂದು ಕಾಗೆ ಬಂದು ಕೂತು, ನೀರು ಕುಡಿದು ಹಾರಿತು. "ದೇವೀರಮ್ಮ, ಸುಳ್ಳು ಹೇಳುವಾಗ ನಿಮ್ಮದು ಬೇರೆ ಥರ ಬಡಿಯುತ್ತೆ," ಎಂದರು. ನನಗೆ ಮುಖ ಎತ್ತಲಾಗಲಿಲ್ಲ. ಅವರು ಒಳಗೆ ಹೋಗಿ, ಮಗಳ ಊರಿನವರು ಯಾರೋ ಕೊಟ್ಟಿದ್ದ ಕಡಲೆಕಾಯಿಯನ್ನು ಹುರಿದು ತಂದು, ಕಾಗದದಲ್ಲಿ ಅರ್ಧ ಭಾಗ ಮಾಡಿ ನನ್ನ ಹೊಸ್ತಿಲ ಮೇಲಿಟ್ಟರು.

ಮೂಟೆ ಹೊರದಿದ್ದರೆ ಗಿರಣಿಯ ಕೋಣೆಗೆ ನನ್ನ ಹಾಗೆ ಬಾಡಿಗೆ ಕಟ್ಟಬೇಕು, ಅದು ಅವರಿಂದಾಗದು. ಮಗಳಿಗೆ ಸುದ್ದಿ ಮುಟ್ಟಿತು, ಅಳಿಯ ಬಂದ. ಗೂಡಿನ ಹತ್ತಿರ ಕಾವಲಿಗೆ ಕೂತರೆ ಸಾಕು, ಮಾವನನ್ನು ನಾನು ನೋಡಿಕೊಳ್ಳುತ್ತೇನೆ ಎಂದ. ಒಳ್ಳೆಯ ಹುಡುಗ. ಬೆಟ್ಟದಾಚೆ ಗಿರಣಿ ಇಲ್ಲ, ಹೊತ್ತು ಮುಳುಗಿದರೆ ಕಪ್ಪೆ ಕೂಗುವುದು ಬಿಟ್ಟು ಬೇರೆ ಸದ್ದಿಲ್ಲ, ಮಾವನ ಎದೇನ ನನ್ನ ಹೆಂಡತಿ ದಿನಾ ಕೇಳ್ತಾಳೆ ಎಂದ. ನನಗೆ ಸಂತೋಷವಾಯಿತು. ನಿಜವಾಗಿಯೂ ಆಯಿತು. ಅಷ್ಟಾದ ಮೇಲೆ ಒಳಗೆ ಹೋಗಿ ಬಹಳ ಹೊತ್ತು ಅಕ್ಕಿ ಆರಿಸಿದೆ, ಅದರಲ್ಲಿ ಕಲ್ಲಿರಲಿಲ್ಲ.

ಹೊರಡುವ ಹಿಂದಿನ ಸಂಜೆ ಚೌಡಪ್ಪ ಹೇಳಿದರು, "ನಾಳೆ ಬಸ್ಸಿಗೆ ಮುಂಚೆ ಒಂದ್ಸಲ ಸರಿಯಾಗಿ ಕೂತು ಕೇಳ್ತೀನಿ. ಎಲ್ಲಿ ಎಡವುತ್ತೆ, ಎಷ್ಟು ಹೊತ್ತಿಗೊಂದ್ಸಲ, ಎಲ್ಲಾ ಬಿಡಿಸಿ ಹೇಳ್ತೀನಿ. ನಿಮಗೆ ಆ ಭಾಷೆ ಗೊತ್ತಲ್ಲ. ನೀವು ಅದನ್ನ ಡಾಕ್ಟರಿಗೆ ನಿಮ್ಮ ಮಾತಲ್ಲಿ ಹೇಳಿ. ಆಗ ನಂಬ್ತಾರೆ."

"ಆಗಲಿ ಅಣ್ಣಾ," ಎಂದೆ. ಅದು ನನಗೆ ಹೊಳೆದಿರಲೇ ಇಲ್ಲ.

ಬೆಳಿಗ್ಗೆ ಅವರು ಬಂದರು. ಅಳಿಯ ಟ್ರಂಕು ಎತ್ತಿಕೊಂಡು ಮುಂದೆ ಹೋಗಿದ್ದ. ಕೇರಿಯ ಬಾಯಲ್ಲಿ ಬಸ್ಸು ನಿಂತಿದ್ದು ಕಾಣುತ್ತಿತ್ತು. ನಾನು ಬಾಗಿಲ ಮುಂದೆ ನೀರು ಹಾಕಿ, ಕೈ ಒರೆಸಿಕೊಂಡು ಹೊಸ್ತಿಲ ಮೇಲೆ ಕೂತೆ. ಚೌಡಪ್ಪ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು ಕಣ್ಣು ಮುಚ್ಚಿದರು. ಆಗ ಗಿರಣಿಯ ಸೀಟಿ ಊದಿತು. ಬೆಸುಗೆಯವರು ರಾತ್ರಿಯೇ ಕೆಲಸ ಮುಗಿಸಿದ್ದರಂತೆ, ನಮಗೆ ಯಾರೂ ಹೇಳಿರಲಿಲ್ಲ. ಮೊದಲು ಒಂದು ನರಳಾಟ, ಆಮೇಲೆ ಚಕ್ರಗಳು ಒಂದೊಂದಾಗಿ ಹಿಡಿದುಕೊಂಡವು. ನೆಲ ಅದುರತೊಡಗಿತು. ಕೇರಿಯ ಉದ್ದಕ್ಕೂ ಜನ ಹೊರಗೆ ಬಂದು ಕೈ ಎತ್ತಿ ಕುಣಿದರು, ಕೂಲಿ ಶುರುವಾಯಿತಲ್ಲ. ಯಾರೋ ಕೂಗುತ್ತಿದ್ದರು, ಬಾಯಿ ಮಾತ್ರ ಕಂಡಿತು.

ಚೌಡಪ್ಪ ಕಣ್ಣು ತೆರೆದರು. ನನ್ನನ್ನು ನೋಡಿ ಏನೋ ಹೇಳಿದರು. ನನಗೆ ತುಟಿ ಓದಲು ಬರುವುದಿಲ್ಲ. ಅತ್ತಲಿಂದ ಅಳಿಯ ಕೈ ಬೀಸುತ್ತಿದ್ದ, ಡ್ರೈವರು ಇಳಿದು ಇತ್ತಲೇ ನೋಡುತ್ತಿದ್ದ. "ಹೋಗಿ ಅಣ್ಣಾ, ಹೊತ್ತಾಯ್ತು," ಎಂದೆ. ಅದು ಅವರಿಗೆ ಕೇಳಿಸಲಿಲ್ಲ. ಕೈ ಮಾಡಿ ತೋರಿಸಿದೆ. ಅವರು ತಲೆ ಅಲ್ಲಾಡಿಸಿ, ಕೂತಲ್ಲಿಂದಲೇ ಒಂದು ಮೊಳ ಮುಂದೆ ಸರಿದರು. ವಾಲಿದ ಕತ್ತನ್ನು ಇನ್ನೂ ವಾಲಿಸಿ, ಕಿವಿಯ ಹಿಂದೆ ಅಂಗೈ ಇಟ್ಟುಕೊಂಡು ಮತ್ತೆ ಕಣ್ಣು ಮುಚ್ಚಿದರು. ಹಣೆ ಗಂಟಿಕ್ಕಿತ್ತು. ಅಷ್ಟು ಸದ್ದಿನಲ್ಲಿ ಏನೂ ಕೇಳಿಸದೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಬಸ್ಸು ಹಾರನ್ ಹಾಕಿರಬೇಕು, ಅಳಿಯ ಓಡಿ ಬರುತ್ತಿದ್ದ. ನಾನು ಉಸಿರು ಬಿಗಿಹಿಡಿದು, ಅಲ್ಲಾಡದೆ ಕೂತೆ.